ಇನ್ನೂರ ಹನ್ನೆರಡು ಬೋರ್‌ವೆಲ್ಲಿನ ವರ

ಎಲ್ಲ ರಗಳೆಗೂ ಮೂಲ ಬೋರ್‌ವೆಲ್ ನೀರಿನ ಒಂದು ಕಾಲಂ.

ಆ ಭಾನುವಾರ ಬೆಳಗ್ಗೆ ಚನ್ನಗಿರಿಯ ಸಮುದಾಯ ಭವನದಲ್ಲಿ ಉಪ್ಪಿಟ್ಟಿನ ಘಮ ಏಳುವ ಹೊತ್ತಿಗೆ, ಸಮಾಜದ ಅಧ್ಯಕ್ಷರೂ ಅಡಿಕೆ ವ್ಯಾಪಾರಿಯೂ ಆದ ಷಣ್ಮುಖಪ್ಪನವರು ವೇದಿಕೆಯ ಪಕ್ಕದ ಮೇಜಿಗೆ ಬಂದರು. ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಶರಣುವಿನ ಹೆಗಲ ಮೇಲೆ ಕೈ ಇಟ್ಟರು. ಆ ಕೈ ಹೆಗಲ ಮೇಲೆ ಬಿತ್ತೆಂದರೆ ಒಂದು ಕೆಲಸ ತಲೆಯ ಮೇಲೆ ಬಿತ್ತೆಂದೇ ಅರ್ಥ.

"ಶರಣು, ಗಂಡುಗಳ ವಿವರದಾಗೆ ಬೋರ್‌ವೆಲ್ ನೀರು ಎಷ್ಟು ಇಂಚು ಅಂತ ಬರಬೇಕಲ್ಲಪ್ಪ."

"ಹೋದ ತಿಂಗಳು ನೀವೇ ಬ್ಯಾಡ ಅಂದಿದ್ರಿ ಸಾರ್. ಕಾಲಂ ಐತೆ. ಎಲ್ಲಾರಿಗೂ ಸೊನ್ನೆ ಹಾಕಿ ಬಚ್ಚಿಟ್ಟೀನಿ."

"ಆವಾಗ ಬ್ಯಾಡ ಅಂದಿದ್ದೆ, ಈಗ ಬೇಕು ಅಂತೀನಿ. ಹೆಣ್ಣು ಹೆತ್ತೋರು ಬಾಗಿಲಾಗೇ ಹಿಡ್ಕೊಂಡು ಕೇಳಾಕೆ ಹತ್ಯಾರೆ. ಹುಡುಗನ ಮೂಗು ಸೊಟ್ಟ ಇದ್ರೂ ನಡೀತೈತೆ, ಬೋರ್ ಮಾತ್ರ ನಿಂತಿರಬಾರದು."

"ಎರಡೇ ನಿಮಿಷ ಸಾರ್," ಎಂದ ಶರಣು.

ಶರಣುವಿನ ಜೀವನದಲ್ಲಿ ಯಾವ ಕೆಲಸವೂ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆಂದು ಅವನು ಒಪ್ಪಿಕೊಂಡಿದ್ದೇ ಇಲ್ಲ. ಸಂತೇಬೆನ್ನೂರಿನ ಹುಡುಗ. ಚನ್ನಗಿರಿ ಬಸ್ ನಿಲ್ದಾಣದ ಎದುರು ಒಂದು ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡು ಪಹಣಿ ತೆಗೆದುಕೊಡುತ್ತ, ಊರವರ ಅರ್ಜಿ ತುಂಬುತ್ತ, ಬಿಡುವಿನಲ್ಲಿ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆ ಕಲಿತು ಪ್ರೋಗ್ರಾಂ ಬರೆಯುವವನಾಗಿದ್ದ. ಈ ವಧು-ವರರ ಸಮಾವೇಶಕ್ಕೆ ಎರಡು ತಿಂಗಳು ಕೂತು ಪ್ರೋಗ್ರಾಂ ಬರೆದವನೂ ಅವನೇ. ಹುಡುಗನೋ ಹುಡುಗಿಯೋ ವೇದಿಕೆ ಹತ್ತಿದರೆ ಹಿಂದಿನ ದೊಡ್ಡ ಪರದೆಯ ಮೇಲೆ ಅವರ ಹೆಸರು, ಊರು, ಫೋನು, ಫೋಟೊ ಮೂಡಬೇಕು. ಅದೇ ಪಟ್ಟಿ ಸಭೆಯಲ್ಲಿ ಕೂತವರ ಮೊಬೈಲಿಗೂ ಹೋಗಬೇಕು.

ಇದನ್ನು ಅವನು ಬರೀ ಸಮಾಜಸೇವೆಗೆ ಮಾಡುತ್ತಿದ್ದ ಎಂದರೆ ಅವನೇ ನಗುತ್ತಾನೆ. ಷಣ್ಮುಖಪ್ಪನವರ ಮಗಳು ಮೇಘಶ್ರೀ ಅಲ್ಲಿಯೇ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಪ್ರೋಗ್ರಾಂ ಸರಿಯಿದೆಯೇ ನೋಡು ಎಂದು ಅಪ್ಪ ಕಳಿಸಿದ್ದಕ್ಕೆ ಸೆಂಟರಿಗೆ ಬಂದವಳು, ತಪ್ಪು ಹುಡುಕುವ ನೆಪದಲ್ಲಿ ಮತ್ತೆ ಮತ್ತೆ ಬಂದಿದ್ದಳು. ಶರಣು ಅವಳಿಗೋಸ್ಕರ ಎರಡು ತಪ್ಪು ಉಳಿಸಿಯೇ ಇಡುತ್ತಿದ್ದ. ವಿಷಯ ಷಣ್ಮುಖಪ್ಪನವರ ಕಿವಿಗೂ ಬಿದ್ದು, ಅವರು ಗದರದೆ ಒಂದೇ ಮಾತು ಹೇಳಿದ್ದರು: "ಭಾನುವಾರ ಸಮಾವೇಶ ಮಾನ ಉಳಿಸಿ ಮುಗಿಸ್ಕೊಡು. ಆಮೇಲೆ ನಿಮ್ಮಿಬ್ಬರ ಮಾತು ಎತ್ತಾಣ."

ಹಾಗಾಗಿ ಆ ದಿನ ಪರದೆಯ ಮೇಲೆ ಮೂಡಬೇಕಾದದ್ದು ಇನ್ನೂರ ಹನ್ನೆರಡು ವರರ ಭವಿಷ್ಯವಾದರೂ, ನಿಜವಾಗಿ ಪಣಕ್ಕಿದ್ದದ್ದು ಪಟ್ಟಿಯಲ್ಲೇ ಇಲ್ಲದ ಇನ್ನೂರ ಹದಿಮೂರನೆಯವನದು.

ಶರಣುವಿಗೆ ಅಪ್ಪನೂ ಒಬ್ಬನಿದ್ದ. ಜಯಪ್ಪ ಎಂದು. ಒಂದೂವರೆ ಇಂಚು ನೀರಿನ ಒಂದು ಬೋರ್‌ವೆಲ್, ಮೂರು ಎಕರೆ ಮೆಕ್ಕೆಜೋಳ, ಆಡಿದ ಮಾತು ಬಿಡದ ನಾಲಿಗೆ, ಇಷ್ಟು ಅವನ ಆಸ್ತಿ. ಹೋದ ದೀಪಾವಳಿಯಲ್ಲಿ ಜಯಪ್ಪ, ಬಿಳಿಚೋಡಿನ ತನ್ನ ಗೆಳೆಯ ನಾಗೇಂದ್ರಪ್ಪನ ಮಗಳನ್ನು ತರೋಣ ಎಂದಿದ್ದಕ್ಕೆ ಶರಣು ತಟ್ಟೆ ಸರಿಸಿ ಎದ್ದಿದ್ದ. "ನನ್ನ ಮದುವಿ ನಾನು ನೋಡ್ಕೊಂತೀನಿ. ನೀನು ಕೈ ಹಾಕಬ್ಯಾಡ." ಜಯಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಅಗಿದು ಮುಗಿಸಿ, ನಿಧಾನಕ್ಕೆ ಹೇಳಿದ್ದ: "ಆಯ್ತು ಬಿಡು. ಕರೆದಾಗ ಬರ್ತೀನಿ. ಕರೀದೆ ಬರಂಗಿಲ್ಲ." ಅಂದಿನಿಂದ ಶರಣು ಚನ್ನಗಿರಿಯಲ್ಲೇ ಕೋಣೆ ಮಾಡಿಕೊಂಡಿದ್ದ. ಇವನು ಕರೆದಿರಲಿಲ್ಲ, ಅವನು ಬಂದಿರಲಿಲ್ಲ.

ಈಗ ಬೋರ್‌ವೆಲ್ಲಿನ ಕಾಲಂಗೆ ಬರೋಣ.

ಪಿಎಚ್‌ಪಿಯಲ್ಲೂ ಒಂದು ಸಂಸಾರ ಇರುತ್ತದೆ. ಶರಣು 'ಅಭ್ಯರ್ಥಿ' ಎಂಬ ಕ್ಲಾಸು, ಅಂದರೆ ಒಂದು ಅಚ್ಚು, ಬರೆದಿದ್ದ, ಅದು ಅಪ್ಪ. 'ವಧು' ಮತ್ತು 'ವರ' ಅದರ ಮಕ್ಕಳು. ಹೊಸಬರ ಹೆಸರು ಒಳಗೆ ಬಂದ ತಕ್ಷಣ ತಾನಾಗಿ ನಡೆಯುವ ಮೊದಲ ಶಾಸ್ತ್ರಕ್ಕೆ ಕನ್‌ಸ್ಟ್ರಕ್ಟರ್ ಎನ್ನುತ್ತಾರೆ. ಹೆಸರು, ಊರು, ಫೋನು, ಫೋಟೊ ತುಂಬಿಸಿ, ನೀರಿನ ಕಾಲಂಗೆ ಸೊನ್ನೆ ಹಾಕುವ ಆ ಶಾಸ್ತ್ರ ಅಪ್ಪನ ಹತ್ತಿರ ಮಾತ್ರ ಇತ್ತು. ಮಕ್ಕಳಿಗೆ ಸ್ವಂತದ್ದು ಇರಲಿಲ್ಲವಾದ್ದರಿಂದ ಅಪ್ಪನದೇ ಅವರಿಗೂ ನಡೆಯುತ್ತಿತ್ತು. ಎರಡು ತಿಂಗಳಿಂದ ಒಂದು ಕೂದಲೂ ಕೊಂಕಿರಲಿಲ್ಲ.

ಶರಣು ಬೆರಳು ಮುರಿದು ಕೂತ. 'ವರ'ನಿಗೆ ಸ್ವಂತದ್ದೊಂದು ಕನ್‌ಸ್ಟ್ರಕ್ಟರ್ ಬರೆದ. ಹುಡುಗರು ಅರ್ಜಿಯಲ್ಲಿ ಬರೆದುಕೊಟ್ಟ ಇಂಚನ್ನು ನೀರಿನ ಕಾಲಂಗೆ ತುಂಬಿಸುವುದು, ಅಷ್ಟೇ ಅದರ ಕೆಲಸ. ನಿಜವಾಗಿಯೂ ಎರಡೇ ನಿಮಿಷ ಹಿಡಿಯಿತು. ಸರಿಯಾಯಿತೇ ಎಂದು ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿದ. ಆದರೆ ತೆರೆದದ್ದು ವಧುಗಳ ಪಟ್ಟಿಯನ್ನು; ಬೆಳಗ್ಗೆ ಬೆಳಗ್ಗೆ ವರರ ಮುಖವನ್ನು ಯಾರು ನೋಡುತ್ತಾರೆ? ಎಲ್ಲ ಸರಿಯಿತ್ತು. ಉಪ್ಪಿಟ್ಟು ತಿನ್ನಲು ಹೋದ.

ಹತ್ತು ಗಂಟೆಗೆ ದೀಪ ಬೆಳಗಿ, ಮೊದಲ ವರನನ್ನು ಕರೆದರು. ನ್ಯಾಮತಿಯ ಪ್ರದೀಪ್. ಆರಡಿ ಎತ್ತರದ ಹುಡುಗ ಇಸ್ತ್ರಿ ಶರ್ಟು ತೊಟ್ಟು ವೇದಿಕೆಯ ಮೇಲೆ ಕೈ ಮುಗಿದು ನಿಂತ. ಹಿಂದಿನ ಪರದೆಯ ಮೇಲೆ ಶರಣುವಿನ ಮುಖ ಮೂಡಿತು. ಹೆಸರು ಶರಣು, ಊರು ಸಂತೇಬೆನ್ನೂರು, ನೀರು ಎರಡು ಇಂಚು.

ಸಭೆ ನಕ್ಕಿತು. ಏನೋ ಕೈತಪ್ಪು ಎಂದುಕೊಂಡರು. ಎರಡನೆಯವನು ಹೊನ್ನಾಳಿಯ ರವಿಕುಮಾರ್. ಪರದೆಯ ಮೇಲೆ ಮತ್ತೆ ಶರಣು, ನೀರು ನಾಲ್ಕು ಇಂಚು. ಮೂರನೆಯವನಿಗೂ ಶರಣು, ಮೂರು ಇಂಚು.

ಆ ಮುಖ ಎಲ್ಲಿಂದ ಬಂತೆಂದು ಶರಣುವಿಗೆ ಹೊಳೆಯಿತು. ಪ್ರೋಗ್ರಾಂ ಪರೀಕ್ಷೆ ಮಾಡುವ ಕಾಲದಲ್ಲಿ, ಯಾರೂ ಏನೂ ತುಂಬದಿದ್ದರೆ ಜಾಗ ಖಾಲಿ ಕಾಣಬಾರದೆಂದು ಅವನು ಮಾದರಿಗೆ ತನ್ನದೇ ಹೆಸರು, ತನ್ನದೇ ಫೋಟೊ ಹಾಕಿಟ್ಟಿದ್ದ. ಫೋನ್ ನಂಬರ್ ಮಾತ್ರ ಅಪ್ಪನದು. ಪರೀಕ್ಷೆಯ ಮೆಸೇಜುಗಳೆಲ್ಲ ತನ್ನ ಫೋನಿಗೆ ಬಂದು ಕಾಡದಿರಲಿ ಎಂದು ಮಾಡಿದ ಉಪಾಯ ಅದು. ಈಗ ಯಾಕೋ ವರರಿಗೆಲ್ಲ ಯಾರೂ ಏನೂ ತುಂಬುತ್ತಿಲ್ಲ, ಮಾದರಿಯೇ ಮೆರೆಯುತ್ತಿದೆ.

ಅಷ್ಟರಲ್ಲಿ ಎಲ್ಲರ ಮೊಬೈಲಿಗೂ ಪಟ್ಟಿ ಹೋಗಿತ್ತು. ಮಹಿಳಾ ಘಟಕದ ಸರ್ವಮಂಗಳಮ್ಮ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಎಳೆದರು. ಅವರಿಗೆ ಒಂದು ಸಂಗತಿ ತಿಳಿಯಿತೆಂದರೆ ಡಂಗುರ ಸಾರುವವನಿಗೆ ರಜೆ ಕೊಡಬಹುದು.

"ಅಯ್ಯೋ ಶಿವನೇ! ಎಲ್ಲಾ ಒಬ್ಬನೇ ಹುಡುಗ ಕಣ್ರೀ! ಒಂದೊಂದು ಸಾಲಿಗೆ ಒಂದೊಂದು ಬೋರು. ಇನ್ನೂರ ಹನ್ನೆರಡು ಬೋರ್‌ವೆಲ್ ಐತಂತೆ!"

"ಎಷ್ಟು ಇಂಚಾಯ್ತು ಹಂಗಾದ್ರೆ?"

"ಕೂಡಿಸ್ರೀ, ಕೂಡಿಸ್ರೀ. ಐನೂರು ಇಂಚಿಗೆ ಮೋಸ ಇಲ್ಲ."

"ಸೂಳೆಕೆರೆಗೂ ಅಷ್ಟು ನೀರು ಬರಲ್ಲ ಬಿಡ್ರೀ!"

ಮೊದಲ ಸಾಲಿನಲ್ಲಿ ಶುರುವಾದ ನಗು ಹತ್ತನೇ ಸಾಲಿಗೆ ಮುಟ್ಟುವಾಗ ಗೌರವವಾಗಿತ್ತು. ಹೆಣ್ಣು ಹೆತ್ತವರು ಒಬ್ಬೊಬ್ಬರಾಗಿ ಫೋನ್ ಹಿಡಿದು ಹೊರಗೆ ಎದ್ದು ಹೋದರು. ಶರಣುವಿನ ಜೇಬಿನ ಫೋನು ಮಾತ್ರ ಸದ್ದಿಲ್ಲದೆ ಕೂತಿತ್ತು. ಪಟ್ಟಿಯಲ್ಲಿದ್ದ ನಂಬರ್ ಅವನದಲ್ಲವಲ್ಲ. ಅಪ್ಪನಿಗೆ ಒಂದು ಮಾತು ತಿಳಿಸೋಣವೆಂದು ಫೋನ್ ಹಚ್ಚಿದ. ಬಿಝಿ. ಮತ್ತೆ ಹಚ್ಚಿದ. ಬಿಝಿ. ಮೂರನೇ ಸಲ ಹಚ್ಚುವ ಮೊದಲು ದೀಪಾವಳಿಯ ನೆನಪಾಯಿತು. ನಾನಾಗಿ ಕರೆಯುವುದೇಕೆ ಎಂದು ಜೇಬಿಗಿಟ್ಟುಕೊಂಡ.

"ಏನಪ್ಪ ಇದು? ಸಮಾವೇಶ ಸಮಾಜದ್ದೋ ನಿಂದೋ?" ಷಣ್ಮುಖಪ್ಪನವರು ಹಲ್ಲು ಕಚ್ಚಿ ಕೇಳಿದರು.

"ಎರಡೇ ನಿಮಿಷ ಸಾರ್."

ಎರಡು ನಿಮಿಷ ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಶರಣು ಪರದೆ ಆರಿಸಿ ಹತ್ತಿಸಿದ. ತಂತಿ ಕಿತ್ತು ಚುಚ್ಚಿದ. ಸರ್ವಮಂಗಳಮ್ಮ ಬಂದು ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, "ದೃಷ್ಟಿ ಆಗೈತೆ ಕಣಪ್ಪ, ಐನೂರು ಇಂಚಿಗೆ ಯಾರ ಕಣ್ಣೂ ಬೀಳದೆ ಬಿಡಲ್ಲ" ಎಂದರು. ಕೀಲಿಗಳ ಸಂದಿನಲ್ಲಿ ವಿಭೂತಿ ಸೇರಿ ಎರಡು ಅಕ್ಷರ ಒತ್ತದಂತಾದವು. ಅತ್ತ ವೇದಿಕೆಯ ಕೆಳಗೆ ವರರು ತಮ್ಮ ಸರದಿ ಬಿಟ್ಟು, ಈ ಶರಣು ಯಾರೆಂದು ಕೇಳುತ್ತಿದ್ದರು. ಅವರ ದನಿಯಲ್ಲಿ ಪ್ರೀತಿ ಇರಲಿಲ್ಲ.

ಕೊನೆಗೆ ಮೇಘಶ್ರೀ ಬಂದು ಅವನ ಪಕ್ಕ ಕುರ್ಚಿ ಎಳೆದು ಕೂತಳು. ಲ್ಯಾಪ್‌ಟಾಪಿನ ಪರದೆಯನ್ನು ಒಮ್ಮೆ ನೋಡಿದಳು.

"ಅಪ್ಪನ್ನ ಕರೆದೀರಾ?"

"ಯಾರ ಅಪ್ಪನ್ನ?"

"ವರನ ಅಪ್ಪನ್ನ. ನಿಮ್ಮ ಅಭ್ಯರ್ಥಿ ಕ್ಲಾಸನ್ನ. ವರಂಗೆ ಸ್ವಂತ ಕನ್‌ಸ್ಟ್ರಕ್ಟರ್ ಬರ್ದೀರಲ್ಲ, ಅದು ಇದ್ದ ಮ್ಯಾಲೆ ಪಿಎಚ್‌ಪಿ ಅಪ್ಪಂದನ್ನ ತಾನಾಗಿ ಓಡಿಸಲ್ಲ. ಬೇರೆ ಒಲೆ ಹೂಡಿದ ಮಗನ ಮನಿಗೆ ಅಪ್ಪ ಕರೀದೆ ಬರ್ತಾನೇನ್ರಿ? ಹೆಸರು, ಫೋಟೊ ತುಂಬೋನು ಅವನು. ಅವನೇ ಬರಲಿಲ್ಲ, ಅದಕ್ಕೆ ನಿಮ್ಮ ಮಾದರಿ ಮುಖ ಹಂಗೇ ಉಳೀತು. ಪೇರೆಂಟ್ ಅಂತ ಒಂದು ಸಾಲು ಬರ್ದು ಕರೀರಿ, ಸಾಕು."

"ಅಷ್ಟೇನಾ? ಅದು ನನಗೂ ಗೊತ್ತಿತ್ತು," ಎಂದ ಶರಣು. ಗೊತ್ತಿದ್ದದ್ದು ನಿಜವೇ, ನೆನಪಿರಲಿಲ್ಲ, ಅಷ್ಟೇ. ಆತುರದಲ್ಲಿ ವರನ ಕನ್‌ಸ್ಟ್ರಕ್ಟರಿನ ಕೊನೆಗೆ ಆ ಸಾಲನ್ನು ಅಂಟಿಸಿ, ಪಟ್ಟಿಯನ್ನು ಮತ್ತೆ ಎಲ್ಲರಿಗೂ ಕಳಿಸಿದ.

ಪರದೆಯ ಮೇಲೆ ನ್ಯಾಮತಿಯ ಪ್ರದೀಪ್ ನ್ಯಾಮತಿಯ ಪ್ರದೀಪನಾಗಿಯೇ ಮೂಡಿದ. ಹೊನ್ನಾಳಿಯ ರವಿಕುಮಾರನಿಗೆ ಅವನದೇ ಮೂಗು ಮರಳಿತು. ಸಭೆ ಚಪ್ಪಾಳೆ ತಟ್ಟಿತು. ಶರಣು ಕಾಲರ್ ಸರಿಮಾಡಿಕೊಳ್ಳುವಷ್ಟರಲ್ಲಿ ಗಂಡಿನ ಕಡೆಯ ಸಾಲುಗಳಿಂದ ಗದ್ದಲ ಎದ್ದಿತು.

ಇನ್ನೂರ ಹನ್ನೆರಡು ವರರಿಗೂ ನೀರು: ಸೊನ್ನೆ ಇಂಚು.

"ಯಾವನಯ್ಯ ಅವನು ಕಂಪ್ಯೂಟರ್‌ನೋನು?" ರವಿಕುಮಾರನ ಅಪ್ಪ ಹೊನ್ನಾಳಿಯ ದನಿಯಲ್ಲಿ ಗುಡುಗುತ್ತ ಮೇಜಿಗೆ ಬಂದ. ಮೊಬೈಲನ್ನು ಶರಣುವಿನ ಮೂಗಿಗೆ ಹಿಡಿದ. ಅದರಲ್ಲಿ ಅವನ ಬೋರ್‌ವೆಲ್ ಭೋರೆಂದು ಚಿಮ್ಮುವ ವಿಡಿಯೊ ಓಡುತ್ತಿತ್ತು. "ನೋಡು! ನಾಲ್ಕಿಂಚು! ಇದನ್ನ ಸೊನ್ನೆ ಅಂತೀಯಾ? ಬೆಳಿಗ್ಗಿಯಿಂದ ನಮ್ಮ ನೀರೆಲ್ಲಾ ನೀನು ಕುಡ್ದು ಈಗ ಖಾಲಿ ಪೈಪ್ ತೋರಿಸ್ತೀಯಾ?"

ಅವನ ಹಿಂದೆ ಇನ್ನೂ ಹದಿನೈದು ಮಂದಿ ನಿಂತಿದ್ದರು. ಅರ್ಧಕ್ಕರ್ಧ ಜನರ ಹತ್ತಿರ ವಿಡಿಯೊ ಇತ್ತು. ಷಣ್ಮುಖಪ್ಪನವರು ನಡುವೆ ನಿಂತು ಕೈ ಅಡ್ಡ ಹಿಡಿಯದಿದ್ದರೆ ಶರಣು ಆ ದಿನ ತಾನೂ ಸೊನ್ನೆಯಾಗುತ್ತಿದ್ದ.

ಮೇಘಶ್ರೀ ಹಣೆ ಚಚ್ಚಿಕೊಂಡಳು. "ಅಪ್ಪನ್ನ ಕೊನೇ ಸಾಲಿನಾಗೆ ಕರೆದೀರಲ್ರೀ! ನೀವು ಇಂಚು ತುಂಬಿದ ಮ್ಯಾಲೆ ಅವನು ಬಂದು, ತನ್ನ ರೂಢಿಯಂಗೆ ನೀರಿಗೆ ಸೊನ್ನೆ ಹಾಕಿ ಹೋದ. ಅಪ್ಪನ್ನ ಮೊದಲನೇ ಸಾಲಿನಾಗೇ ಕರೀಬೇಕು. ಅವನ ಶಾಸ್ತ್ರ ಮುಗೀಲಿ, ಆಮೇಲೆ ನಿಮ್ಮದು ನೀವು ಮಾಡ್ಕೊಳ್ರಿ. ಕೊನಿಗೆ ಕರೆದ್ರೆ ನೀವು ಕಟ್ಟಿದ್ದನ್ನೆಲ್ಲ ಅಳಿಸಿ ಹೋಗ್ತಾನೆ."

ಶರಣು ಆ ಒಂದು ಸಾಲನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಇಟ್ಟ. ಈ ಸಲ ಕಳಿಸುವ ಮೊದಲು ವರರ ಪಟ್ಟಿಯನ್ನೇ ತೆರೆದು, ಇನ್ನೂರ ಹನ್ನೆರಡು ಮುಖವನ್ನೂ ಒಂದೊಂದಾಗಿ ನೋಡಿದ. ಹೆಸರು ಅವರವರದು, ನೀರು ಅವರವರದು. ಗಂಟೆ ಹನ್ನೊಂದೂವರೆ.

ಆಮೇಲೆ ಸಮಾವೇಶ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ರವಿಕುಮಾರನ ಅಪ್ಪನೇ ಬಂದು ಶರಣುವಿನ ಬೆನ್ನು ತಟ್ಟಿ, ವಿಡಿಯೊವನ್ನು ಇನ್ನೊಂದು ಸಲ ತೋರಿಸಿ ಹೋದ. ಹೋಳಿಗೆ ಊಟ ಮುಗಿಯುವ ಹೊತ್ತಿಗೆ ಹದಿನೇಳು ಸಂಬಂಧಗಳು ಮಾತುಕತೆಗೆ ಕೂತಿದ್ದವು. ಷಣ್ಮುಖಪ್ಪನವರು ಕೈ ತೊಳೆದು ಬಂದು ಮತ್ತೆ ಶರಣುವಿನ ಹೆಗಲ ಮೇಲೆ ಕೈ ಇಟ್ಟರು. ಈ ಸಲ ಕೈ ಹಗುರವಾಗಿತ್ತು.

"ನಡುವೆ ಒಂಚೂರು ಬೆವರಿಳಿಸಿದೆ. ಆದ್ರೂ ಓಡಿ ಹೋಗದೆ ಕೂತು ಸರಿ ಮಾಡಿದ್ಯಲ್ಲ, ಅದು ಗಂಡಸ್ತನ. ನನ್ನದು ಒಪ್ಪಿಗೆ ಐತೆ. ಆದ್ರೆ ಹಿರೇರಿಲ್ಲದೆ ಇಂಥ ಮಾತು ಆಡಂಗಿಲ್ಲ. ನಿಮ್ಮ ತಂದೇರನ್ನ ಕರೆಸು. ಇವತ್ತೇ ಕೂತು ಎಲೆ ಅಡಿಕೆ ಬದಲಾಯಿಸಿ ಬಿಡಾಣ."

ಎಲೆ ಅಡಿಕೆ ಬದಲಾಯಿತೆಂದರೆ ಮಾತು ಮುಗಿದ ಹಾಗೆ. ಆಮೇಲೆ ಬ್ರಹ್ಮ ಬಂದರೂ ಬಿಡಿಸುವಂತಿಲ್ಲ. ಶರಣುವಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ದೀಪಾವಳಿಯ ಸಿಟ್ಟೆಲ್ಲ ಹೋಳಿಗೆಯ ತುಪ್ಪದಂತೆ ಕರಗಿತು. ಅಪ್ಪನಿಗೆ ಫೋನ್ ಹಚ್ಚಿದ. ಈ ಸಲ ಒಂದೇ ರಿಂಗಿಗೆ ಎತ್ತಿದ.

"ಅಪ್ಪಾ, ತಪ್ಪಾಯ್ತು. ಚನ್ನಗಿರಿ ಸಮುದಾಯ ಭವನಕ್ಕೆ ಬಾ. ನನ್ನ ಮದುವಿ ಮಾತು. ನೀನಿಲ್ಲದೆ ಆಗಂಗಿಲ್ಲ."

ಜಯಪ್ಪನ ದನಿ ಒದ್ದೆಯಾಗಿ ಬಂತು. "ಕರೆದ್ಯಲ್ಲ ಮಗನೇ, ಸಾಕು. ದಾರಿಯಾಗೇ ಇದೀನಿ. ಐದು ಗಂಟಿಗೆಲ್ಲ ಬಂದೆ ಅಂತ ತಿಳ್ಕೊ."

ಕರೆಯುವ ಮೊದಲೇ ದಾರಿಯಲ್ಲಿರುವುದು ಹೇಗೆ ಎಂದು ಕೇಳಬೇಕೆಂದು ಶರಣುವಿಗೆ ಹೊಳೆಯಲಿಲ್ಲ. ಸಂತೋಷದಲ್ಲಿದ್ದವನು ಅಂಥ ಪ್ರಶ್ನೆಗಳನ್ನು ಕೇಳುವುದಿಲ್ಲ. ಅವನು ಹೋಗಿ ಚಿಗುರು ವೀಳ್ಯದೆಲೆ ಒಂದು ಕಟ್ಟು ತಂದ. ಮೇಘಶ್ರೀ ಸೀರೆ ಬದಲಾಯಿಸಿ ಬಂದಳು. ಯಾರೂ ಹೇಳದಿದ್ದರೂ ಸರ್ವಮಂಗಳಮ್ಮ ಜಮಖಾನೆ ಹಾಸಿದರು.

ಐದಕ್ಕೆ ಸರಿಯಾಗಿ ಭವನದ ಮುಂದೆ ಒಂದು ಜೀಪು ನಿಂತಿತು. ಜಯಪ್ಪ ಇಳಿದ. ಹಣೆಯಲ್ಲಿ ದಪ್ಪ ವಿಭೂತಿ, ಕೈಯಲ್ಲಿ ಪೇಡೆಯ ಡಬ್ಬ. ಅವನ ಹಿಂದೆ ಬಿಳಿಚೋಡಿನ ನಾಗೇಂದ್ರಪ್ಪನೂ ಇಳಿದ. ಜಯಪ್ಪ ಮಗನ ಬಾಯಿಗೆ ಒಂದು ಪೇಡೆ ತುರುಕಿ, ಜಮಖಾನೆಯ ಮೇಲೆ ಗತ್ತಿನಿಂದ ಕೂತ.

"ಮದುವಿ ಮಾತು ಅಂತ ನಿನಗೂ ಸುದ್ದಿ ಮುಟ್ತಲ್ಲ, ಒಳ್ಳೇದಾಯ್ತು," ಎಂದ. "ಬೆಳಿಗ್ಗಿ ಹತ್ತರಿಂದ ಹನ್ನೊಂದೂವರಿ ತನಕ ಎಪ್ಪತ್ತು ಮಂದಿ ಫೋನ್ ಮಾಡ್ಯಾರೆ ಕಣೋ! ನಿಮ್ಮ ಹುಡುಗಂಗೆ ಹೆಣ್ಣು ಕೊಡ್ತೀವಿ, ನಿಮ್ಮ ಹುಡುಗಂಗೆ ಹೆಣ್ಣು ಕೊಡ್ತೀವಿ ಅಂತ. ನೀನು ಕೈ ಹಾಕಬ್ಯಾಡ ಅಂದಿದ್ದೆ, ನಾನು ಹಾಕಲಿಲ್ಲ. ಹುಡುಗಂಗೆ ಹೆಣ್ಣು ಗೊತ್ತಾಗೈತೆ ಅಂತ ಹೇಳಿ ಫೋನ್ ಇಡ್ತಿದ್ದೆ. ಎಲ್ಲಿ ಹೆಣ್ಣು, ಯಾರ ಮನೀದು ಅಂತ ಕೇಳಾಕೆ ಹತ್ತಿದ್ರು. ಬಾಯಿಗೆ ಬಂದಿದ್ದು ಈ ನಾಗೇಂದ್ರಪ್ಪನ ಮನಿ. ಎಪ್ಪತ್ತು ಮಂದಿಗೂ ಅದನ್ನೇ ಹೇಳಿದೆ."

ಶರಣುವಿನ ಬಾಯಲ್ಲಿ ಪೇಡೆ ಅಲ್ಲೇ ನಿಂತಿತು.

"ಆಮೇಲೆ ಕೂತು ಯೋಚನಿ ಮಾಡಿದೆ. ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದೋನಲ್ಲ. ಇವತ್ತು ಎಪ್ಪತ್ತು ಊರಿಗೆ ಒಂದೇ ಸುಳ್ಳು ಹೇಳೀನಿ. ನಾಳೆ ಗೊತ್ತಾದ್ರೆ ಜಯಪ್ಪನ ಮಾತಿಗೆ ಮೂರು ಕಾಸಿನ ಬೆಲಿ ಉಳಿತೈತೇನು? ಅದಕ್ಕೆ ಬಸ್ ಹತ್ತಿ ಬಿಳಿಚೋಡಿಗೆ ಹೋಗಿ, ಅದನ್ನ ನಿಜ ಮಾಡಿ ಬಂದೆ. ಎಲೆ ಅಡಿಕೆ ಬದಲಾಯಿಸಿ ಆಯ್ತು. ಇವನ ಮಗಳು ದುರ್ಗಾಂಬಿಕಾನೂ ಒಪ್ಪಿದ್ಲು. ಅವಳ ಮೊಬೈಲಿಗೂ ಯಾರೋ ಪಟ್ಟಿ ಕಳಿಸಿದ್ರಂತೆ. ನಿನ್ನ ಫೋಟೊ ಇನ್ನೂರ ಹನ್ನೆರಡು ಸಲ ನೋಡೀನಿ, ಇನ್ನ ನೋಡಾಕೆ ಏನೈತೆ ಅಂದ್ಲು."

ಶರಣು ಪೇಡೆಯನ್ನು ಹೇಗೋ ನುಂಗಿದ. ಅವನಿಗೆ ಒಂದೇ ದಾರಿ ಕಾಣಿಸಿತು. ನಾಗೇಂದ್ರಪ್ಪನತ್ತ ತಿರುಗಿ ಕೈ ಮುಗಿದ. "ನೋಡ್ರಿ, ನಿಮಗೆ ಮೋಸ ಆಗಬಾರದು. ಆ ಪಟ್ಟಿ ತಪ್ಪು. ಇನ್ನೂರ ಹನ್ನೆರಡು ಬೋರ್ ನಮಗಿಲ್ಲ. ಇರಾದು ಒಂದೇ. ಅದೂ ಒಂದೂವರೆ ಇಂಚು. ಬೇಸಿಗಿಗೆ ಅದೂ ಇಲ್ಲ."

ನಾಗೇಂದ್ರಪ್ಪ ಹೊಟ್ಟೆ ಕುಣಿಸಿ ನಕ್ಕ. "ಅದು ನನಗೆ ಗೊತ್ತಿಲ್ಲೇನಪ್ಪ? ಅಂಗೈ ಮ್ಯಾಲೆ ತೆಂಗಿನಕಾಯಿ ಇಟ್ಕೊಂಡು ಆ ಬೋರಿಗೆ ಜಾಗ ತೋರಿಸಿದೋನೇ ನಾನು! ಮೂರಿಂಚು ಬರ್ತೈತೆ ಅಂದಿದ್ದೆ, ಒಂದೂವರೆ ಬಂತು. ಇಪ್ಪತ್ತು ವರ್ಷ ಆದ್ರೂ ನಿಮ್ಮಪ್ಪ ಒಂದು ಮಾತು ಆಡಿಲ್ಲ. ಅಂಥ ಮನಿಗೆ ಮಗಳನ್ನ ಕೊಡಾಕೆ ನೀರು ಯಾಕೆ ಬೇಕು?"

ಷಣ್ಮುಖಪ್ಪನವರು ನಿಟ್ಟುಸಿರು ಬಿಟ್ಟು ಎದ್ದರು. ಎಲೆ ಅಡಿಕೆ ಆದ ಸಂಬಂಧಕ್ಕೆ ಅಡ್ಡ ಬರುವವರಲ್ಲ ಅವರು. "ಇನ್ನ ನಾವು ಮಾತಾಡಾದು ಧರ್ಮ ಅಲ್ಲ. ಒಳ್ಳೇದಾಗ್ಲಿ. ಶರಣು, ಗೊತ್ತಾದ ಸಂಬಂಧಗಳ ಪಟ್ಟಿಗೆ ನಿಂದೂ ಒಂದು ಸೇರಿಸಿಬಿಡಪ್ಪ. ಹದಿನೆಂಟು ಆಗ್ತೈತೆ. ಎರಡೇ ನಿಮಿಷದ ಕೆಲಸ."

ಶರಣು ಲ್ಯಾಪ್‌ಟಾಪಿನ ಮುಂದೆ ಕೂತ. ವಿಭೂತಿ ಸೇರಿದ ಕೀಲಿಗಳು ಒತ್ತಿದರೂ ಒತ್ತುತ್ತಿರಲಿಲ್ಲ. ಮೇಘಶ್ರೀ ಪಕ್ಕಕ್ಕೆ ಬಂದು ನಿಂತಳು. ಅವಳ ಕಣ್ಣು ಕೆಂಪಾಗಿದ್ದವು, ಆದರೂ ದನಿ ಪಾಠ ಹೇಳುವವಳದ್ದೇ.

"ಹೇಳಿದ್ದೆ ತಾನೇ ಶರಣು? ಅಪ್ಪನ್ನ ಮೊದಲನೇ ಸಾಲಿನಾಗೇ ಕರೀಬೇಕು ಅಂತ."

ಡಬ್ಬದಿಂದ ಒಂದು ಪೇಡೆ ತೆಗೆದುಕೊಂಡು ಅವಳು ಒಳಗೆ ಹೋದಳು.